ಹಳೆಯ ಖರ್ಚಿಗೆ ದಾವೆಯಿಲ್ಲ

ಕೆಂಟಕಿಯ ಕೋರ್ಟಿನೆದುರು ಬಸ್ಸಿಗೆ ಕಾಯುತ್ತಿದ್ದ ಓಲೀಟಾಳ ಪಕ್ಕದಲ್ಲಿ ವಿಧವೆ ವರ್ನಾ ತನ್ನ ಮೈದುನನೊಂದಿಗೆ ಬಂದು ಕುಳಿತಳು.

“ಗೆದ್ವಿ ಅತ್ತಿಗೆ. ಅಣ್ಣನ ಆರೈಕೆಗೆ ಸರ್ಕಾರಿ ಯೋಜನೆ ದುಡ್ಡು ನಿಲ್ಲಿಸಿದ್ದು ತಪ್ಪು ಅಂತ ಜಡ್ಜೇ ಅಂದ್ರಲ್ಲ.”

“ಮನೆ ಅಡ ಇಟ್ಟು ನಾನು ದಾದಿಗೆ ಕೊಟ್ಟಿದ್ದು?”

“ಅದು ಬರಲ್ಲ. ಹಿಂದಿನ ದುಡ್ಡು ಕೊಡಿ ಅಂತ ರಾಜ್ಯದ ಮೇಲೆ ದಾವೆ ನಡೆಯಲ್ವಂತೆ. ಇನ್ಮುಂದೆ ಮಾತ್ರ ಕೊಡ್ಬೇಕಂತೆ.”

“ಇನ್ಮುಂದೆ ಯಾರಿಗಯ್ಯಾ? ನಿಮ್ಮಣ್ಣನ್ನ ಈಸ್ಟರ್‌ಗೆ ಮುಂಚೇನೇ ಮಣ್ಣು ಮಾಡಿದ್ವಲ್ಲ.”

“ಲಕ್ವ ಹೊಡೆದು ಮಲಗಿರೋ ಮಿಕ್ಕವರಿಗೆ.”

“ಒಳ್ಳೇ ಗೆಲುವು ಕಣಯ್ಯಾ.” ವರ್ನಾ ಕೋರ್ಟಿನ ಕಾಗದ ಮಡಚಿ ಚೀಲಕ್ಕೆ ಹಾಕಿದಳು. “ಹೋಗ್ಲಿ ಬಿಡು. ಅವರ ಬೆನ್ನಾದ್ರೂ ಹುಣ್ಣಾಗದೆ ಇರ್ಲಿ.”

ಬಸ್ಸು ಬಂತು, ಇಬ್ಬರೂ ಹತ್ತಿದರು. ಓಲೀಟಾ ಹತ್ತಲಿಲ್ಲ. ಅವಳ ಗಂಡನೂ ಲಕ್ವದಿಂದ ಮಲಗಿದ್ದ; ಅವನ ಆರೈಕೆಯ ದುಡ್ಡೂ ನಿಂತಿತ್ತು. ಇನ್ನು ದಾದಿ ಬರುವಳೆಂದು ದೇವರಿಗೆ ಕೈಮುಗಿಯಲು ಅವಳು ಆ ಬಸ್ಸು ಮರೆಯಾಗುವವರೆಗೂ ಕಾದಳು.