ಎಡಗೈ ಕೊಟ್ಟು ಕಳಿಸುವ ಊರು

ಹಲೋ... ಹಲೋ, ಯಾರು ಮಾತಾಡ್ತಿರೋದು? ಹಾವಾನಾ? ಹಾವಾ ಡಿಯಾಲೊ ತಾನೆ?...

ನಾನು ಕಣೇ, ತಾಕೊ. ತಾಕೊ ಬಾಲ್ದೆ! ನಾಲ್ಕು ದಿನ ನನ್ನ ಬೋಗುಣಿಗೆ ಕೈ ಹಾಕಿ ಕಡಲೆಕಾಯಿ ಸಾರು ಉಂಡವಳು, ಈಗ ಯಾರು ಅಂತ ಕೇಳ್ತೀಯಲ್ಲ... ನೆಮ್ಮದಿಯಾಗಿದೀಯಾ? ಮೈ ಹುಷಾರಾ? ದಾರೀಲಿ ತೊಂದರೆ ಆಗ್ಲಿಲ್ವಲ್ಲ? ನಿನ್ನ ಜೊತೆ ತರಬೇತಿಗೆ ಬಂದೋರೆಲ್ಲ ಚೆನ್ನಾಗಿದಾರಾ?...

ಅವಸರ ಇದೆ, ಗೊತ್ತು. ಆದ್ರೂ ಯೋಗಕ್ಷೇಮ ಕೇಳದೆ ಹೇಗೆ ಮಾತು ಶುರು ಮಾಡ್ಲಿ? ಹೇಳು, ಗಾಡಿ ಹತ್ತಿದ್ಯಾ?...

ಐದು ಜನ ಆದ್ರಾ? ಏಳಾದ್ರೆ ಆ ಡ್ರೈವರ್ ಹೊರಟೇಬಿಡ್ತಾನೆ, ಒಂದು ಗಳಿಗೆ ನಿಲ್ಲಲ್ಲ. ನೀನು ಕಿಟಕಿ ಪಕ್ಕ ಕೂತ್ಕೋ. ಸಿರಾ ಬರ್ತಿದಾಳೆ, ಸೈಕಲ್ ಮೇಲೆ...

ಹಾಂ, ನಮ್ಮ ಸಿರಾನೇ. ಅವಳು ಹೇಗೆ ಕೆಲಸ ಮಾಡ್ತಾಳೆ ಅಂತ ನೋಡೋಕೆ ಬಂದಿದ್ಯಲ್ಲ, ಅವಳೇ. ನಿಮ್ಮ ಅಮೆರಿಕದವರು ನಮ್ಮೂರಲ್ಲಿ ಇನ್ಯಾರಿದಾರೆ?...

ಇಲ್ಲ, ಇಲ್ಲ, ನೀನೇನೂ ಬಿಟ್ಟು ಹೋಗಿಲ್ಲ. ಮರೆತವರು ನಾವು...

ಕೇಳು. ನಿಧಾನವಾಗಿ ಹೇಳ್ತೀನಿ, ನಮ್ಮ ಮಾತು ನೀನು ಕಲಿಯೋಕೆ ಶುರು ಮಾಡಿ ಇನ್ನೂ ಎರಡೇ ತಿಂಗಳು ತಾನೆ. ಹುತ್ತದ ಮೇಲೆ ನಿಂತಿದೀನಿ, ಕೆಳಗಿಳಿದ್ರೆ ಸಿಗ್ನಲ್ ಹೋಗುತ್ತೆ... ಬೆಳಿಗ್ಗೆ ನೀನು ಹೊರಡುವಾಗ ನಾನು ಎಡಗೈ ಚಾಚಿದೆ, ಅಲ್ವಾ? ನಿನ್ನ ಕಣ್ಣು ತುಂಬಿಬಂತು. ನೋಡಿದೆ ನಾನು. ಅದನ್ನ ತಳ್ಳಿ, ನನ್ನ ಬಲಗೈ ಎಳೆದು ಕುಲುಕಿ, ತಿರುಗಿ ಕೂಡ ನೋಡದೆ ನಡೆದುಬಿಟ್ಟೆ...

ಅವಮಾನವಾ? ಯಾರು ಮಾಡಿದ್ರು?... ಓ, ಅದಾ! ಹೊಟ್ಟೆಬಾಕಿ ಅಂದಿದ್ದಾ? ಅಲಸಂದೆ ಕಳ್ಳಿ ಅಂದಿದ್ದಾ? ಅಯ್ಯೋ ಪೆದ್ದಿ! ಡಿಯಾಲೊ ಅನ್ನೋ ನಮ್ಮ ಕಡೆ ಹೆಸರಿಟ್ಕೊಂಡು ಬಂದ ಮೇಲೆ ಬಾಲ್ದೆಗಳು ಬೈಯದೆ ಬಿಡ್ತಾರಾ? ಈ ಎರಡು ಮನೆತನಕ್ಕೂ ತಲೆತಲಾಂತರದಿಂದ ತಮಾಷೆಗೆ ಬೈದಾಡೋ ನಂಟು. ಬೈಯದಿದ್ರೆ ಪರಕೀಯಳು ಅಂತ ಅರ್ಥ. ನೀನು ತಿರುಗಿಸಿ ಬೈಬೇಕಿತ್ತು. ಸಿರಾ ದಿನಾ ಬೆಳಿಗ್ಗೆ ನನಗೆ ಕೋಳಿ ಕಳ್ಳಿ ಅಂತಾಳೆ, ಆಮೇಲೇನೇ ಮುಖ ತೊಳೆಯೋದು...

ಎಡಗೈ ವಿಷಯ ಬೇರೆ ಕಣೇ. ದೂರ ಹೋಗೋರಿಗೆ ನಾವು ಎಡಗೈ ಕೊಡ್ತೀವಿ. ಬೇಕಂತಲೇ ತಪ್ಪು ಮಾಡ್ತೀವಿ. ಆ ತಪ್ಪು ಸರಿ ಮಾಡೋಕೆ ಇಬ್ಬರೂ ಮತ್ತೆ ಸೇರಲೇಬೇಕು, ಬಲಗೈ ಕೊಡಲೇಬೇಕು. ಮೊದಲೇ ಬಲಗೈ ಕೊಟ್ಟು ಹೋದ್ರೆ ಅಲ್ಲಿಗೆ ಮುಗೀತು. ಇನ್ಯಾಕೆ ಬರ್ತಾರೆ?...

ಹಾಂ, ತರಬೇತೀಲಿ ಎಡಗೈ ಕೊಡಬೇಡಿ ಅಂತಾನೇ ಹೇಳಿಕೊಡ್ತಾರೆ, ಸರಿಯಾಗೇ ಹೇಳಿಕೊಡ್ತಾರೆ. ಇದೊಂದನ್ನ ಸಿರಾ ಹೇಳಬೇಕಿತ್ತು. ಹೊಳೀಲೇ ಇಲ್ವಂತೆ. ಎರಡು ವರ್ಷದಲ್ಲಿ ಅವಳೂ ನಮ್ಮ ಹಾಗೇ ಆಗಿಬಿಟ್ಟಿದಾಳೆ, ಇದನ್ನೂ ಹೇಳಿಕೊಡಬೇಕು ಅಂತ ಯಾರಿಗೆ ಹೊಳೆಯುತ್ತೆ? ನೀನು ಅತ್ತುಕೊಂಡು ಹೋದೆ ಅಂತ ನಾನು ಹೇಳಿದ್ದೇ ತಡ, ತಲೆ ಚಚ್ಚಿಕೊಂಡು ಸೈಕಲ್ ಹತ್ತಿದ್ಲು...

ಆರಾ? ಯಾರದು ಆರನೆಯವಳು?... ಕುರಿ ತಂದಿದಾಳಾ? ಒಳ್ಳೇದಾಯ್ತು, ಗಾಡಿ ಮೇಲೆ ಕುರಿ ಕಟ್ಟೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ. ರಸ್ತೆ ಕಡೆ ನೋಡ್ತಿರು...

ನಿಜ ಹೇಳ್ಲಾ ಹಾವಾ? ನನಗೆ ಭಯ ಆಗ್ತಿದೆ. ಬರೋ ತಿಂಗಳು ಸಿರಾ ಅಮೆರಿಕಕ್ಕೆ ವಾಪಸ್ ಹೋಗ್ತಾಳೆ, ಅವಳ ಜಾಗಕ್ಕೆ ಬರಬೇಕಾದವಳು ನೀನು. ನಾಳೆ ನಿಮ್ಮ ಆಫೀಸಿನಲ್ಲಿ ನೀನು ಆ ಊರು ಬೇಡ ಅಂದ್ರೆ ನಿನ್ನನ್ನ ಬೇರೆ ಕಡೆ ಹಾಕ್ತಾರೆ, ಸೆನೆಗಲ್ ತುಂಬ ಊರುಗಳಿವೆ. ನಮಗೆ ಇನ್ಯಾರೂ ಬರಲ್ಲ...

ಅಯ್ಯೋ, ಸಿರಾ ಹಾಗೆ ಕೂಸುಗಳ ತೂಕ ನೋಡೋದು ನನಗೂ ಬರುತ್ತೆ ಕಣೇ, ತಕ್ಕಡೀನ ಮಾವಿನ ಮರಕ್ಕೆ ಕಟ್ಟೋದೇ ನಾನು! ಆದ್ರೆ ನಾನೊಬ್ಬಳೇ ಕರೆದ್ರೆ 'ನಿನ್ನ ಮೊಮ್ಮಕ್ಕಳನ್ನ ತೂಗ್ಕೋ ಹೋಗು' ಅಂತಾರೆ. ಸಿರಾ ಕೂತ್ರೆ ಮೂರು ಊರಿನ ತಾಯಂದಿರು ಬರ್ತಾರೆ, ಅವಳ ಬೈಗುಳ ಕೇಳಿ ನಗೋಕಾದ್ರೂ. ಹಾಗೆ ನಗೋಕೆ ಬಂದಾಗಲೇ ನನ್ನ ಮಗಳ ಕೂಸು ಸೊರಗ್ತಿರೋದು ಗೊತ್ತಾಗಿದ್ದು. ಈಗ ಓಡಾಡ್ತಿದೆ. ನಿನ್ನ ಚಪ್ಪಲಿ ಬಚ್ಚಿಟ್ಟಿತ್ತಲ್ಲ, ಅದೇ...

ಒತ್ತಾಯ ಇಲ್ಲಮ್ಮ. ಇಷ್ಟ ಇದ್ರೆ ಬಾ... ಅಲ್ಲ, ಯಾಕೆ ಸುಳ್ಳು ಹೇಳ್ಲಿ, ಒತ್ತಾಯವೇ!...

ಏಳನೆಯವನು ಬಂದ್ನಾ? ಅಯ್ಯೋ! ಸಿರಾ ಕಾಣ್ತಿಲ್ವಾ? ಹಳದಿ ತಲೆವಸ್ತ್ರ... ಹಾಂ? ಗೋಡಂಬಿ ಮಾರೋರ ಹತ್ತಿರಾನಾ? ಅವಳೇ, ಅವಳೇ! ಡ್ರೈವರ್‌ಗೆ ಹೇಳು, ಒಂದು ನಿಮಿಷ... ಕೇಳಲ್ವಾ? ಹಾಳಾಗಿ ಹೋಗ್ಲಿ! ಕಿಟಕಿ ಇಳಿಸು ಮಗಳೇ. ಕೈ ಹೊರಗೆ ಹಾಕು, ಅವಳು ಪಕ್ಕದಲ್ಲೇ ಓಡಿ ಬರ್ತಾಳೆ. ಅವಳಿಗೆ ಎಡಗೈ ಕೊಟ್ರೆ ನನಗೆ ಕೊಟ್ಟ ಹಾಗೇ...

ಸಿಕ್ತಾ? ಕೈ ಸಿಕ್ತಾ?... ಯಾವ ಕೈ? ಹಾವಾ, ಯಾವ ಕೈ ಕೊಟ್ಟೆ?...

ಏನು? ಗಾಳಿ ಸದ್ದು ಕಣೇ, ಜೋರಾಗಿ ಹೇಳು... ಕೋಳಿ ಕಳ್ಳಿನಾ? ಯಾರು, ನಾನಾ?... ಲೇ ಹೊಟ್ಟೆಬಾಕಿ! ಅದಿರ್ಲಿ, ಯಾವ ಕೈ ಅಂತ—