ಕೆಂಚಿಯ ಹಾರಕದ ಸೊಲ್ಲು

ಹೊತ್ತು: ದೀಪ ಹಚ್ಚುವುದಕ್ಕೆ ಇನ್ನೂ ಸ್ವಲ್ಪ ಇದೆ. ಹವೆ: ಮೋಡ ಕಟ್ಟಿದೆ, ಗಾಳಿ ಇಲ್ಲ, ಸೆಕೆ. ಬಂದವರು: ಮೇಲಿನ ಓಣಿಯ ಹೆಂಗಸರು, ಕೆಳಗಿನ ಓಣಿಯ ಗಂಡಸರು, ಎಲ್ಲ ಮನೆಗಳ ಮಕ್ಕಳು. ಕಂಬಕ್ಕೆ ಒರಗಿದವರು ನೆಟ್ಟಗೆ ಕುಳಿತುಕೊಳ್ಳಿ. ಕೂಸು ಅತ್ತರೆ ಎತ್ತಿಕೊಂಡು ಹೊರಗೆ ಹೋಗಿ, ಸಮಾಧಾನವಾದ ಮೇಲೆ ಬನ್ನಿ. ಹೂಂಗುಟ್ಟುವುದಕ್ಕೆ ಒಬ್ಬರು ಸಾಕು. ಎಲ್ಲರೂ ಹೂಂಗುಟ್ಟಿದರೆ ಕಥೆ ಯಾರಿಗೂ ಕೇಳುವುದಿಲ್ಲ.

ಕೇಳಿ.

ಹೆಸರಿಟ್ಟವರೆಲ್ಲ ಸತ್ತುಹೋದದ್ದರಿಂದ ಹೆಸರೇ ಉಳಿಯದ ಒಂದು ಸೀಮೆ. ಆ ಸೀಮೆಯಲ್ಲಿ ಒಂದು ಊರು. ಆ ಊರಿನಲ್ಲಿ ಮಳೆ ಬಿದ್ದ ಮೇಲೆ ಬೀಜ ನೆಲಕ್ಕೆ ಹೋಗುವ ಮೊದಲು ಮಕ್ಕಳು ಕಣದಲ್ಲಿ ಹಾಡಬೇಕು. ಮಕ್ಕಳು ಹಾಡದೆ ಯಾರೂ ಬಿತ್ತುವುದಿಲ್ಲ. ಅದು ಕಟ್ಟಳೆ.

ಹಾಡನ್ನು ಕಲಿಸುವವಳು ತಿಮ್ಮಾಜಮ್ಮ. ವಯಸ್ಸಾದವಳು, ಬೆನ್ನು ಬಾಗದವಳು. ಅವಳು ಯಾವ ಮಗುವಿಗೂ ಪದ ಹೇಳಿಕೊಟ್ಟವಳಲ್ಲ. ಮಗು ಬಾಯಿ ತೆರೆದರೆ ಗದರುತ್ತಿದ್ದಳು:

"ಬಾಯಿ ಆಮೇಲೆ. ಮೊದಲು ಕಾಲು."

ಹಾಗಾದರೆ ಹೇಗೆ ಕಲಿಸುತ್ತಿದ್ದಳು? ಆಡಿಸಿ ಕಲಿಸುತ್ತಿದ್ದಳು. ಮಕ್ಕಳು ದುಂಡಗೆ ಕುಕ್ಕರಗಾಲಿನಲ್ಲಿ ಕೂರಬೇಕು, ಹಣೆ ಮಂಡಿಗೆ ತಾಗಬೇಕು. ಅದು ಬೀಜ. ಮೆಲ್ಲಗೆ ಏಳಬೇಕು. ಅದು ಮೊಳಕೆ. ಕೈ ಎತ್ತಿ ತೂಗಬೇಕು. ಅದು ತೆನೆ. ಆಮೇಲೆ ಪಕ್ಕದ ಮಗುವಿನ ಅಂಗೈಗೆ ಅಂಗೈ ತಟ್ಟುತ್ತ ತನ್ನ ಸೊಲ್ಲು ಹೇಳಬೇಕು. ಒಂದು ಮಗು ರಾಗಿ, ಒಂದು ಮಗು ನವಣೆ, ಒಂದು ಮಗು ಸಾಮೆ. ಒಬ್ಬೊಬ್ಬರಿಗೆ ಒಂದೊಂದು ಕಾಳು, ಒಂದೊಂದು ಸೊಲ್ಲು. ಒಬ್ಬರದನ್ನು ಇನ್ನೊಬ್ಬರು ಹೇಳುವ ಹಾಗಿಲ್ಲ.

ಹಾಲುಹಲ್ಲು ಬಿದ್ದ ಮಗು ತನ್ನ ಸೊಲ್ಲನ್ನು ಚಿಕ್ಕ ಮಗುವಿಗೆ ಕೊಡಬೇಕು. ಚಿಕ್ಕದು ಬೀಜವಾಗಿ ಕೂರುತ್ತದೆ, ದೊಡ್ಡದು ಅಂಗೈ ತಟ್ಟಿ ಎಬ್ಬಿಸುತ್ತದೆ. ಕೊಟ್ಟ ಮಗು ಅಂದೇ ಆಟ ಬಿಟ್ಟು, ಕಣದ ಅಂಚಿನ ದೊಡ್ಡವರ ಸಾಲಿನಲ್ಲಿ ನಿಲ್ಲಬೇಕು. ಕೊಟ್ಟ ಸೊಲ್ಲನ್ನು ಬದುಕಿರುವ ತನಕ ಮತ್ತೆ ಬಾಯಲ್ಲಿ ಆಡಬಾರದು. ಪದ ಮರೆತಿರುವುದಿಲ್ಲ. ಆದರೂ ಆಡಬಾರದು.

ತಿಳಿಯಿತೇ? ತಿಳಿಯದವರು ಈಗಲೇ ಕೇಳಿ. ನಡುವೆ ಕೇಳಬೇಡಿ.

ಆ ಊರಿನಲ್ಲಿ ಬೋರಮ್ಮ ಎಂಬ ವಿಧವೆ. ಅವಳಿಗೆ ಒಬ್ಬಳೇ ಮಗಳು, ಕೆಂಚಿ. ಕೆಂಚಿಯ ಪಾಲಿಗೆ ಬಂದ ಕಾಳು ಹಾರಕ. ಕಲ್ಲು ನೆಲದಲ್ಲಿ ಬೆಳೆಯುವ ಸಣ್ಣ ಕಾಳು, ಬಡವರ ಅನ್ನ. ಆ ವರ್ಷ ಕೆಂಚಿಯ ಮುಂದಿನ ಹಲ್ಲು ಅಲುಗಾಡುತ್ತಿತ್ತು. ಅವಳು ದಿನವೂ ಅದನ್ನು ನಾಲಗೆಯಲ್ಲಿ ನೂಕಿ ನೋಡುತ್ತಿದ್ದಳು.

"ಅವ್ವಾ, ಹಲ್ಲು ಬಿದ್ದರೆ ನಿಂಗಿಗೆ ಕೊಡ್ತೀನಿ. ಕುಂಬಾರರ ನಿಂಗಿಗೆ. ಅದಕ್ಕೆ ಎಡಗೈ ಯಾವುದು ಬಲಗೈ ಯಾವುದು ಗೊತ್ತಿಲ್ಲ. ನಾನೇ ತಿದ್ದಬೇಕು."

"ನಿನಗೆ ಗೊತ್ತಿತ್ತೇನೇ ಹೋದ ವರ್ಷ?"

"ನಂದು ಬಿಡು, ನಾನು ಆಗ ಚಿಕ್ಕೋಳು."

ಆಗ ಊರಿಗೆ ಗಂಟಲು ಕಟ್ಟುವ ಜ್ವರ ಬಂತು. ಮೊದಲು ಮಲಗಿದವಳು ಕೆಂಚಿ. ತಿಮ್ಮಾಜಮ್ಮ ಓಣಿಯ ನಡುವೆ ನಿಂತು ಹೇಳಿದಳು: "ಯಾವ ಮಗುವೂ ಆ ಹೊಸಲು ದಾಟಕೂಡದು." ಆ ಮಾತು ಸರಿಯಾಗಿತ್ತು. ಉಳಿದ ಮಕ್ಕಳು ಬದುಕಿದರು.

ಹಾಸಿಗೆಯಲ್ಲಿ ಕೆಂಚಿಯ ಹಲ್ಲು ಬಿತ್ತು. ಅದನ್ನು ಅಂಗೈಯಲ್ಲಿ ಹಿಡಿದು ಅವಳು ಹಟ ಹಿಡಿದಳು.

"ನಿಂಗಿನ ಕರೀ ಅವ್ವಾ."

"ಬರಲ್ಲ ಮಗಾ. ಬಿಡಲ್ಲ ಅವರು."

"ಬಾಗಿಲಲ್ಲಿ ನಿಂತರೆ ಸಾಕು."

"ಬಾಗಿಲಿಗೂ ಬಿಡಲ್ಲ ಕಣವ್ವ."

ಕೆಂಚಿ ಗೋಡೆಯ ಕಡೆ ಮುಖ ತಿರುಗಿಸಿದಳು. ತಾಯಿಯ ಕರುಳು ಏನು ಮಾಡೀತು? ಬೋರಮ್ಮ ಕುಕ್ಕರಗಾಲಿನಲ್ಲಿ ಕೂತಳು. ಹಣೆಯನ್ನು ಮಂಡಿಗೆ ಇಟ್ಟಳು. "ನೋಡು, ನಾನೇ ಬೀಜ. ನನ್ನ ಎಬ್ಬಿಸು" ಎಂದಳು. ಮಗು ನಗಲಿ ಎಂದು ಮಾಡಿದ್ದು. ಬೇರೆ ಯೋಚನೆ ಇರಲಿಲ್ಲ.

ಕೆಂಚಿ ನಕ್ಕಳು. ಸುಡುವ ಅಂಗೈಯಿಂದ ತಾಯಿಯ ಅಂಗೈ ತಟ್ಟಿದಳು. "ಎಡಗೈ ಅವ್ವಾ! ನೀನು ನಿಂಗಿಗಿಂತ ಕಡೆ" ಎಂದು ಬೈದಳು. ಸೊಲ್ಲು ಪೂರ್ತಿ ಹೇಳಿ ಎಬ್ಬಿಸಿದಳು. ಎಬ್ಬಿಸಿ ಮಲಗಿದಳು. ಬೆಳಗಿಗೆ ಕೆಂಚಿ ಇರಲಿಲ್ಲ.

ಹೂಂ ಎನ್ನಬೇಡಿ. ಇಲ್ಲಿ ಯಾರೂ ಹೂಂ ಎನ್ನಬಾರದು.

ಮಳೆ ಬಿತ್ತು. ನೆಲ ಹದವಾಯಿತು. ಮಕ್ಕಳು ಕಣಕ್ಕೆ ಇಳಿದರು. ರಾಗಿ ಹೇಳಿದ್ದಾಯಿತು, ನವಣೆ ಹೇಳಿದ್ದಾಯಿತು, ಸಾಮೆ ಹೇಳಿ ಪಕ್ಕಕ್ಕೆ ಅಂಗೈ ಚಾಚಿತು. ಅಲ್ಲಿ ಯಾರೂ ಇಲ್ಲ. ಹಾಡು ನಿಂತಿತು.

"ಹಾರಕ ಬಿಟ್ಟು ಮುಂದಕ್ಕೆ ಹೇಳಿ" ಎಂದ ಊರಗೌಡ ಜವರಪ್ಪ. ಸಾಮೆಯ ಮಗುವಿಗೆ ಕೈಯನ್ನು ಯಾರಿಗೆ ತಟ್ಟಬೇಕೆಂದು ತಿಳಿಯಲಿಲ್ಲ. ಹಾಡು ನಿಂತಿತು. "ಪದ ಗೊತ್ತಿರುವವರು ಯಾರಾದರೂ ಹೇಳಿ" ಎಂದ. ಪದ ಎಲ್ಲರಿಗೂ ಗೊತ್ತು. ಎಲ್ಲ ಮಕ್ಕಳೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿದರು. ಹಾಡು ನಿಂತಿತು. "ಕೊನೆಯ ತೊಗರಿಯಿಂದ ಶುರು ಮಾಡಿ, ಹಿಂದಿನಿಂದ ಬನ್ನಿ" ಎಂದ. ಹಿಂದಿನಿಂದ ಬಂದರೂ ಅದೇ ಜಾಗ ಸಿಗುತ್ತದೆ. ಹಾಡು ನಿಂತಿತು.

ಆಗ ಬೋರಮ್ಮನ ಪಕ್ಕದ ಮನೆಯ ಹೆಂಗಸು ಬಾಯಿ ಬಿಟ್ಟಳು. "ಸೊಲ್ಲು ಎಲ್ಲೂ ಹೋಗಿಲ್ಲ. ಬೋರಕ್ಕನ ಹತ್ರ ಐತೆ. ದಿನಾ ಬೆಳಿಗ್ಗೆ ಗೋಡೆಗೆ ಅಂಗೈ ತಟ್ಟಿ ಹೇಳ್ಕೊತಾಳೆ. ಆ ಹುಡುಗಿ ಎಷ್ಟು ಎತ್ತರ ಇತ್ತೋ ಅಷ್ಟೇ ಎತ್ತರಕ್ಕೆ ತಟ್ತಾಳೆ. ಸುಣ್ಣವೆಲ್ಲ ಉದುರೈತೆ."

ಗೌಡ ಹೋದ. "ಏನ್ ಬೋರಮ್ಮ, ಊರು ನಿಂತದೆ. ಕೊಟ್ಟುಬಿಡು."

"ನನ್ನ ಹತ್ರ ಏನೈತೆ ಗೌಡ್ರೆ? ಬರೀ ಕೈ."

ಹೆಂಗಸರು ಹೋದರು. "ಬೋರಕ್ಕ, ನಮ್ಮ ಮಕ್ಕಳ ಮುಖ ನೋಡು."

"ನೋಡ್ತಾನೇ ಇದೀನಿ, ಬೆಳಿಗ್ಗೆಯಿಂದ ಸಂಜೆ ತನಕ. ನನ್ನ ಹತ್ರ ಏನೈತೆ? ಬರೀ ಕೈ."

ತಿಮ್ಮಾಜಮ್ಮ ಹೋದಳು. ಹೊಸಲಿನ ಹೊರಗೆ ನಿಂತಳು. ಬೋರಮ್ಮ ಒಳಗಿನಿಂದ ಹೇಳಿದಳು: "ಅವತ್ತು ಬರಬೇಡಿ ಅಂದ್ರಲ್ಲ ಅಮ್ಮಾ, ಇವತ್ಯಾಕೆ ಬಂದ್ರಿ?"

"ಅವತ್ತು ಹೇಳಿದ್ದು ಸರಿ ಬೋರಿ."

"ಸರೀನೇ. ಸರಿ ಅಂತ ನನಗೂ ಗೊತ್ತು. ಕೊಟ್ಟರೆ ಮತ್ತೆ ನಾನು ಆ ಮಾತು ಆಡೋಹಂಗಿಲ್ಲ. ಅವಳದೊಂದು ಲಂಗ ಇಲ್ಲ, ಬಳೆ ಇಲ್ಲ, ಹುಟ್ಟಿದ ಮೇಲೆ ಒಂದು ಬೆಳ್ಳಿ ಕಾಣದ ಮಗು. ಇದೊಂದು ಐತೆ. ಇದನ್ನೂ ಕೊಡು ಅಂತೀರಾ?"

ತಿಮ್ಮಾಜಮ್ಮ ತಿರುಗಿ ಹೋದಳು. ಊರಿನ ಬೀಜ ಕುಕ್ಕೆಯಲ್ಲೇ ಉಳಿಯಿತು. ನೆಲ ಆರತೊಡಗಿತು.

ಮರುದಿನ ಬೋರಮ್ಮ ಬಾಗಿಲು ತೆರೆದರೆ ಅಂಗಳದಲ್ಲಿ ಏನಿತ್ತು? ಕುಂಬಾರರ ನಿಂಗಿ ಇತ್ತು. ಕುಕ್ಕರಗಾಲು, ಮಂಡಿಗೆ ಹಣೆ. ಯಾರೂ ಕಳಿಸಿರಲಿಲ್ಲ.

"ಯಾಕೆ ಬಂದೆ? ಏಳೇ."

"ಏಳಕ್ಕಾಗಲ್ಲ. ನಾನು ಬೀಜ."

"ಮನೆಗೆ ಹೋಗು. ನಿಮ್ಮವ್ವ ಹುಡುಕ್ತಾಳೆ."

"ಬೀಜ ನಡೆಯಲ್ಲ ದೊಡ್ಡವ್ವ."

ಬೋರಮ್ಮ ಬಾಗಿಲು ಹಾಕಿಕೊಂಡಳು. ಹಿಟ್ಟು ಕಲಸಿದಳು, ಒಲೆ ಹಚ್ಚಲಿಲ್ಲ. ಮತ್ತೆ ತೆರೆದು ನೋಡಿದಳು. ಬಿಸಿಲು ಅಂಗಳಕ್ಕೆ ಬಂದಿತ್ತು. ಮಗು ಹಾಗೇ ಇತ್ತು, ಕಾಲು ನಡುಗುತ್ತಿತ್ತು.

"ಕೆಂಚಕ್ಕ ನಂಗೆ ಕೊಡ್ತೀನಿ ಅಂದಿದ್ಲು" ಎಂದಿತು ಮಗು, ತಲೆ ಎತ್ತದೆ. "ನಿಂಗೆ ಯಾಕೆ ಕೊಟ್ಳು? ನೀನು ದೊಡ್ಡೋಳಲ್ವಾ?"

"ನೀನು ಬರಲಿಲ್ಲ. ಅದಕ್ಕೆ ಕೊಟ್ಳು."

"ನನ್ನ ಬಿಡಲಿಲ್ಲ. ನಾನು ಅತ್ತೆ. ದೊಡ್ಡವ್ವಾ, ಕಾಲು ನೋಯ್ತೈತೆ."

ಬೋರಮ್ಮ ಮಗುವಿನ ಎದುರಿಗೆ ಕೂತಳು. ನಂತರ ಅಂಗೈ ಚಾಚಿದಳು.

"ಹಾರಕ ಹಾರಕ ಎಲ್ಲಿದ್ದೆ?
ಕಲ್ಲಿನ ಮಗ್ಗುಲಲಿ ಮಲಗಿದ್ದೆ.
ಯಾರೂ ಎಬ್ಬಿಸಲಿಲ್ಲ, ನಾನೇ ಎದ್ದೆ,
ಅವ್ವನ ಮಡಿಲಿಗೆ ಬಂದು ಬಿದ್ದೆ."

"ಎಡಗೈ, ನಿಂಗಿ."

"ಇದಾ?"

"ಅದಲ್ಲ, ಇದು."

ಮತ್ತೆ ತಟ್ಟಿದಳು. ಮತ್ತೆ ತಿದ್ದಿದಳು. ಕೊನೆಗೆ ನಿಂಗಿ ಮೊಳಕೆಯಾಗಿ ಎದ್ದಿತು, ತೆನೆಯಾಗಿ ತೂಗಿತು, ಸೊಲ್ಲನ್ನು ತಪ್ಪಿಲ್ಲದೆ ಒಪ್ಪಿಸಿತು. ಒಪ್ಪಿಸಿ, ಸೊಲ್ಲು ಬಂದ ಖುಷಿಗೆ ಕಣದ ಕಡೆ ಓಡಿತು. ಬೋರಮ್ಮನ ತುಟಿ ಇನ್ನೊಮ್ಮೆ ಆಡುವುದಕ್ಕೆ ಹೋಯಿತು. ಅವಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು.

ಅಂದು ಕಣದಲ್ಲಿ ಹಾಡು ನಿಲ್ಲಲಿಲ್ಲ. ರಾಗಿಯಿಂದ ತೊಗರಿಯವರೆಗೆ ಹರಿದು ಮುಗಿಯಿತು. ಗಂಡಸರು ಕುಕ್ಕೆ ಎತ್ತಿದರು. ಆಗ ಜವರಪ್ಪ ಕೈ ಅಡ್ಡ ಹಿಡಿದ.

"ತಡೀರಿ. ಇದು ಕಟ್ಟಳೆಗೆ ಸರಿಯಾ? ಮಗು ಮಗುವಿಗೆ ಕೊಡಬೇಕು. ಇಲ್ಲಿ ಕೊಟ್ಟೋಳು ಬೋರಮ್ಮ, ಮದುವೆಯಾಗಿ ಮಗು ಹೆತ್ತೋಳು. ಇದು ಕೊಟ್ಟ ಲೆಕ್ಕವಾ? ತಿಮ್ಮಾಜಮ್ಮೋರೇ, ನೀವೇ ಹೇಳಿ."

ಎಲ್ಲರೂ ತಿಮ್ಮಾಜಮ್ಮನ ಕಡೆ ತಿರುಗಿದರು. ಬೋರಮ್ಮ ಕಣದ ಹೊರಗೆ, ಎಲ್ಲರಿಂದ ದೂರ ನಿಂತಿದ್ದಳು. ತಿಮ್ಮಾಜಮ್ಮ ಅವಳ ಹತ್ತಿರ ನಡೆದುಹೋದಳು. ಅವಳ ಎರಡು ಅಂಗೈಗಳನ್ನೂ ತಿರುಗಿಸಿ ನೋಡಿದಳು. ಗೋಡೆಗೆ ತಟ್ಟಿ ತಟ್ಟಿ ಅವು ಒಡೆದಿದ್ದವು, ಒಡಕಿನಲ್ಲಿ ಸುಣ್ಣ ಕೂತಿತ್ತು. ಆ ಕೈಗಳನ್ನು ಬಿಡದೆ ಅವಳು ದೊಡ್ಡವರ ಸಾಲಿನ ಕಡೆ ಮುಖ ಮಾಡಿದಳು.

ಈ ಕಥೆಯಲ್ಲಿ ನಾನು ಹೇಳುವುದು ಮುಗಿಯಿತು. ಉಳಿದದ್ದು ಅವಳ ಮಾತು. ಕೇಳಿಸಿಕೊಂಡು, ಸದ್ದಿಲ್ಲದೆ ಎದ್ದು, ನಿಮ್ಮ ನಿಮ್ಮ ಮನೆಗೆ ಹೋಗಿ. ಅವಳು ಗಟ್ಟಿಯಾಗಿ ಹೇಳಿದಳು:

"ಕೊಟ್ಟೋಳು ಕೆಂಚಿ. ಇವಳ ಕೈಯಲ್ಲಿ ಕಳಿಸಿದ್ದಾಳೆ, ಅಷ್ಟೇ. ಕೊಟ್ಟ ಮಗು ಇನ್ನು ಆಟದಲ್ಲಿಲ್ಲ, ದೊಡ್ಡೋರ ಜೊತೆ ನಿಲ್ಲಬೇಕು. ಸರಿಯಿರಿ ಎಲ್ಲ. ಸಾಲಿನಲ್ಲಿ ಕೆಂಚಿಗೆ ಜಾಗ ಬಿಡಿ."