ಬೆಳಿಗ್ಗೆ ಜೋಡು ಕೊಳ್ಳಬಾರದು

…ಏನಂದ್ರಿ? ಸೋಮವಾರದಿಂದ ಬಾಗಿಲು ತೆಗೆಯೋದಿಲ್ವಾ? ಇನ್ನೊಂದ್ಸಲ ಹೇಳಿ ಮಾಸ್ಟ್ರೇ, ನನ್ನ ಮುಖ ನೋಡಿ ಹೇಳಿ. ನೆಲ ನೋಡ್ಕೊಂಡಲ್ಲ! ನಲವತ್ತು ವರ್ಷ ಪಕ್ಕದಂಗಡೀಲಿ ಬಟ್ಟೆ ಹೊಲಿದು ತಲೆ ಬೆಳ್ಳಗೆ ಮಾಡ್ಕೊಂಡವರು, ಈಗ ಹೋಗಿ ಮಗಳ ಮನೇಲಿ ಕೂತು ನೊಣ ಹೊಡೀತೀರಾ?

ಯಾಕೆ ನಗ್ತೀರ? ಇಲ್ಲೂ ಅದೇ ಕೆಲಸ ಅಂತಾನಾ? ಇಲ್ಲಿ ಹೊಡಿಯೋ ನೊಣ ಸ್ವಂತದ್ದು ಸ್ವಾಮಿ!

ಗಡಿಯಾರದವರು ಅಂಗಡಿ ಎತ್ತಿದ್ರು. ಪಾತ್ರೆಯವರು ಎತ್ತಿದ್ರು. ಆ ಕನ್ನಡಕದವನಂತೂ ಒಂದು ಮಾತೂ ಹೇಳದೆ ಹೋದ, ಬೋರ್ಡು ಸಹ ಬಿಚ್ಚಲಿಲ್ಲ. ಉಳಿದಿರೋದು ನೀವು, ನಾನು. ನೀವೂ ಹೋದ್ರೆ ಬೀದಿಗೆ ಬೀದೀನೇ ಶಟರ್ ಎಳ್ಕೊಂಡಿರುತ್ತೆ, ನಡುವೆ ನಾನೊಬ್ಬಳು… ಮುದುಕಿ ಬಾಯಲ್ಲಿ ಉಳಿದ ಒಂಟಿ ಹಲ್ಲಿನ ಹಾಗೆ.

ಗಿರಾಕಿ ಇಲ್ಲ, ಗಿರಾಕಿ ಇಲ್ಲ! ಎಲ್ಲಿ ಹೋದ ಗಿರಾಕಿ? ಮನೇಲಿ ಬಿದ್ಕೊಂಡಿದ್ದಾನೆ! ಫೋನ್ ಒತ್ತುತ್ತಾನೆ, ಬೂಟು ಬಾಗಿಲಿಗೇ ಬರುತ್ತೆ. ಹಾಕ್ಕೊಂಡ್ರೆ ಹೆಬ್ಬೆರಳು ಕಚ್ಚುತ್ತೆ, ವಾಪಸ್ ಕಳಿಸ್ತಾನೆ. ಮತ್ತೆ ಒತ್ತುತ್ತಾನೆ. ಕಾಲು ನೋಡದೆ ಜೋಡು ಕೊಡೋದಾ? ನಮ್ಮತ್ತೆ, ಈ ಅಂಗಡಿ ಇಟ್ಟವರು, ಯಾರಾದ್ರೂ ನಂಬರ್ ಹೇಳಿದ್ರೆ ಕಿವಿಗೇ ಹಾಕ್ಕೊಳ್ತಿರಲಿಲ್ಲ. ‘ನಂಬರ್ ಹಾಗಿರಲಿ, ಕಾಲಿಡಿ’ ಅನ್ನೋರು. ಎರಡೂ ಕಾಲು ಅಳೆಯೋರು. ಯಾಕೆ ಹೇಳಿ? ಯಾರಿಗೂ ಎರಡು ಕಾಲು ಒಂದೇ ಸಮ ಇರಲ್ಲ! ನಿಮ್ಮ ಎಡಗಾಲು ಬಲಗಾಲಿಗಿಂತ ಒಂದು ಚೂರು ದೊಡ್ಡದು. ಗೊತ್ತಿತ್ತಾ? ನನಗೆ ಗೊತ್ತು. ಆ ಫೋನಿಗೆ ಗೊತ್ತಾ? ಹೇಳಿ, ಗೊತ್ತಾ?

ನನ್ನ ಅಂಗಡಿ ನೋಡಿ. ಕಣ್ತುಂಬಾ ನೋಡಿ! ನೆಲದಿಂದ ಸೂರಿನ ತನಕ ಬೂಟಿನ ಡಬ್ಬ. ನಡುವೆ ಬೆರಳು ತೂರಿಸೋಕೆ ಜಾಗ ಇದೆಯಾ? ವ್ಯಾಪಾರ ಸತ್ತಿದ್ರೆ ಅಂಗಡಿ ಹೀಗಿರುತ್ತಾ? ಹೋದ ವರ್ಷಾನೂ ನೀವು ಇದೇ ರಾಗ ತೆಗೆದಿದ್ರಿ. ಇಲ್ಲೇ ನಿಲ್ಲಿಸ್ಕೊಂಡು ಇದೇ ಗೋಡೆ ತೋರಿಸಿದೆ. ‘ಅಕ್ಕನದು ಇಷ್ಟು ತುಂಬಿದೆ ಅಂದ್ರೆ ನನ್ನದೂ ನಡಿಯುತ್ತೆ ಬಿಡಿ’ ಅಂತ ನೀವೇ ಅಂದು, ಬರಲ್ಲ ಅಂತ ಮಗಳಿಗೆ ಹೇಳಿದ್ರಿ. ಈಗೇನು ಬಂತು ನಿಮಗೆ?

ಏನು? ಹೋಗೋ ಮುಂಚೆ ಒಂದು ಜೊತೆ ಬೂಟು ಬೇಕಾ? ನನ್ನ ಕೈಯಿಂದಲೇ?

ಅಯ್ಯೋ… ಈಗಲೇ? ಬೆಳಿಗ್ಗೆ ಬೆಳಿಗ್ಗೆ ಯಾರಾದ್ರೂ ಜೋಡು ಕೊಳ್ತಾರಾ! ಬೆಳಿಗ್ಗೆ ಕೊಳ್ಳಲೇಬಾರದು. ಈಗ ಕಾಲು ಸಣ್ಣಗಿರುತ್ತೆ, ನಡೆದೂ ನಡೆದೂ ಸಂಜೆ ಹೊತ್ತಿಗೆ ಊದಿರುತ್ತೆ. ಈಗ ಕೊಂಡ್ರೆ ರಾತ್ರಿ ನನ್ನ ವಂಶಾನೇ ಬೈತೀರ. ಸಂಜೆ ಬನ್ನಿ. ಸಂಜೆ ಸಾಮಾನು ತುಂಬೋಕೆ ಗಾಡಿ ಬರುತ್ತಾ? ಹಂಗಾದ್ರೆ… ಬಣ್ಣ ಯಾವುದು? ಕಪ್ಪಾ? ಕಪ್ಪು ನಿಮಗೆ ಒಪ್ಪಲ್ಲ ಬಿಡಿ. ಕಂದು ಆದ್ರೂ ಸರಿಯಾ? ಕಂದು… ಅದು ತುಂಬಾ ಮೇಲಿದೆ.

ಬೇಡ ಬೇಡ, ಏಣಿ ಮುಟ್ಟಬೇಡಿ! ಅದರ ಒಂದು ಕಾಲು ಅಲ್ಲಾಡುತ್ತೆ. ಈ ವಯಸ್ಸಲ್ಲಿ ಸೊಂಟ ಮುರ್ಕೊಂಡ್ರೆ ನಿಮ್ಮ ಮಗಳು ನನ್ನನ್ನ ಬಿಡ್ತಾಳಾ? ಇಳೀರಿ! ನಾನೇ ಕೊಡ್ತೀನಿ ಇಳೀರಿ ಅಂದೆ. ಮಾಸ್ಟ್ರೇ, ಆ ಸಾಲಿಗೆ ಕೈ ಹಾಕಬೇಡಿ, ಎಲ್ಲಾ ಒಂದರ ಮೇಲೊಂದು… ಅಯ್ಯೋ! ಅಯ್ಯೋ!

ಪೆಟ್ಟಾಯ್ತಾ? ತಲೆ ಮೇಲೇ ಬಿತ್ತಲ್ಲ, ಇಡೀ ಸಾಲು…

ಇಲ್ಲ. ಪೆಟ್ಟು ಹೇಗಾಗುತ್ತೆ? ಪೆಟ್ಟಾಗೋಕೆ ಒಳಗೆ ಏನಾದ್ರೂ ಇರಬೇಕಲ್ಲ.

ಯಾಕೆ ಹಾಗೆ ನೋಡ್ತೀರ? ಹೌದು, ಅದೂ ಖಾಲಿ. ಅದೂ. ಒಂದೊಂದೇ ತೆಗೆದು ನೋಡಬೇಡಿ, ಸುಮ್ನೆ ಶ್ರಮ. ಹೊಸ ಮಾಲು ಬರೋದು ನಿಂತು ಯಾವ ಕಾಲವಾಯ್ತೋ. ಇದ್ದದ್ದನ್ನ ಮಾರಿದೆ. ಕೊಂಡವರಿಗೆಲ್ಲ ಬೂಟು ಚೀಲಕ್ಕೆ ಹಾಕಿ ಕೊಟ್ಟು ಡಬ್ಬ ಉಳಿಸ್ಕೊಂಡೆ. ಡಬ್ಬ ಕೊಡಲ್ವಾ ಅಕ್ಕಾ ಅಂದ್ರೆ, ಮನೇಲಿ ಸುಮ್ನೆ ಜಾಗ ತಿನ್ನುತ್ತೆ ಬಿಡಿ ಅಂತಿದ್ದೆ. ರಾತ್ರಿ ಶಟರ್ ಎಳೆದು, ಎಲ್ಲಾನೂ ಒರೆಸಿ ಇದ್ದ ಜಾಗಕ್ಕೇ ಇಡೋದು. ಏನ್ಮಾಡ್ಲಿ? ಈ ಗೋಡೆ ಬರಿದಾಗಿ ಕಂಡ ದಿನ ಬೀದೀನೇ ಮುಗೀತು ಅನ್ನಿಸ್ತಿತ್ತು ನನಗೆ. ಅದರಲ್ಲಿ ತಪ್ಪೇನಿದೆ?

ಬೈಯಿರಿ ಮಾಸ್ಟ್ರೇ, ಬೈಯಿರಿ! ಸುಳ್ಳುಬುರುಕಿ ಅನ್ನಿ! ಹೋದ ವರ್ಷ ತೋರಿಸಿದಾಗಲೂ ಖಾಲೀನಾ ಅಂತ ತಾನೇ ನೀವು ಕೇಳದೆ ಕೇಳ್ತಿರೋದು?

ಹೌದು. ಆಗಲೂ ಖಾಲಿ.

ಗೊತ್ತು… ಆಗಲೇ ಹೋಗಿದ್ರೆ ನಿಮ್ಮ ಅಳಿಯ ಹೊಲಿಗೆಗೆ ಅಂತ ಬೀದಿ ಕಡೆ ಕೋಣೆ ಬಿಟ್ಟುಕೊಡೋನು, ನಿಮ್ಮ ಮಿಷನ್ನೂ ನಿಮ್ಮ ಜೊತೆ ಹೋಗೋದು. ಈಗ ಆ ಕೋಣೆಗೆ ಬಾಡಿಗೆಯವರು ಬಂದಿದ್ದಾರೆ. ಮಿಷನ್ ಮಾರಿ ಬರಿಗೈಲಿ ಹೋಗ್ತಿದೀರ. ಗೊತ್ತು ನನಗೆ. ಒಬ್ಬಳೇ ಉಳೀತೀನಲ್ಲ ಅಂತ ಹೆದರಿಕೊಂಡೆ. ಅದಕ್ಕೇ ನಿಮ್ಮ ಕಣ್ಣಿಗೆ ಮಣ್ಣೆರಚಿದೆ. ಸಾಕಾ?

ಅದೇನು ಮಾಡ್ತಿದೀರ? ಆ ಡಬ್ಬ ಯಾಕೆ ಎತ್ತಿಡ್ತಿದೀರ? ಬಿಡಿ, ಬಿಡಿ ಅಂದೆ… ನಂಬರ್ ಚೀಟಿ ಹೊರಗೆ ಕಾಣೋ ಹಾಗೆ ಬೇರೆ ಜೋಡಿಸ್ತೀರಲ್ಲ! ಹಾಗೆ ಮಾಡಬೇಡಿ ಮಾಸ್ಟ್ರೇ. ಬೈದಿದ್ರೆ ತಡ್ಕೋತಿದ್ದೆ.

ಸರಿ. ಹೊರಡಿ ನೀವು. ಮಗಳು ಕಾಯ್ತಿರ್ತಾಳೆ. ಇರಿ ಅನ್ನೋಕೆ ನನಗೆ ಬಾಯಿಲ್ಲ. ಆದ್ರೆ ಪಾಪ ಅಂತ ಮಾತ್ರ ನೋಡಬೇಡಿ ನನ್ನ! ಸೋಮವಾರ ಬಾಗಿಲು ತೆಗೀತೀನಿ. ಮಂಗಳವಾರಾನೂ ತೆಗೀತೀನಿ. ಯಾರಿಗೋಸ್ಕರ ಅಂತ ಕೇಳೋ ಹಕ್ಕು ಈ ಬೀದೀಲಿ ಯಾರಿಗೂ ಇಲ್ಲ… ಕೇಳೋಕೆ ಜನಾನೂ ಇಲ್ಲ.

ಏಯ್, ಹೋಗ್ತಾ ಬಾಗಿಲು ಎಳೀಬೇಡಿ! ತೆಗೆದೇ ಇರಲಿ. ವ್ಯಾಪಾರದ ಹೊತ್ತು.